ಕದ್ದು ರೆಕಾರ್ಡ್ ಮಾಡುವವರಿಗೆ ಜಾಗ ಬಿಟ್ಟುಕೊಟ್ಟ ಬ್ಯಾಂಡ್

ಸಂಗೀತ ಕಾರ್ಯಕ್ರಮಕ್ಕೆ ಹೋದವರು ಫೋನ್ ಎತ್ತಿ ವಿಡಿಯೊ ಮಾಡಬಹುದಾ, ಬೇಡವಾ? ರಾಕ್ ಸಂಗೀತದ ಲೋಕದಲ್ಲಿ ಈ ತಕರಾರು ಈಗ ಜೋರಾಗಿದೆ. ಅಮೆರಿಕದ ಗಿಟಾರ್ ವಾದಕ ಜಾಕ್ ವೈಟ್ 2018ರ ತಮ್ಮ ಪ್ರವಾಸದಲ್ಲಿ ಎಲ್ಲರ ಫೋನನ್ನೂ ಬೀಗ ಬೀಳುವ ಚೀಲಕ್ಕೆ ಹಾಕಿಸಿದರು. ಚೀಲ ನಿಮ್ಮ ಕೈಯಲ್ಲೇ ಇರುತ್ತದೆ. ಆದರೆ ನಿಗದಿಯಾದ ಜಾಗಕ್ಕೆ ಹೋಗಿ ಬೀಗ ತೆಗೆಸುವವರೆಗೆ ಫೋನ್ ಮುಟ್ಟುವ ಹಾಗಿಲ್ಲ. 2014ರಲ್ಲಿ ಶುರುವಾದ ಯಾಂಡರ್ ಎಂಬ ಕಂಪನಿಯ ಚೀಲಗಳಿವು. ಬಾಬ್ ಡಿಲನ್ ಇವನ್ನು ಬಳಸಿದ್ದಾರೆ. ಸ್ವೀಡನ್ನಿನ ಗೋಸ್ಟ್ ಬ್ಯಾಂಡ್ 2025ರ ಪ್ರವಾಸಕ್ಕೆ ಇದನ್ನೇ ನಿಯಮ ಮಾಡಿತು. ಟೂಲ್ ಬ್ಯಾಂಡ್ ಕಾರ್ಯಕ್ರಮದುದ್ದಕ್ಕೂ ಫೋನ್ ಬೇಡ ಎಂದು ಹೇಳಿ, ಕೊನೆಯ ಹಾಡಿಗೆ ಮಾತ್ರ ಬಿಡುತ್ತದೆ. ಇನ್ನುಳಿದವರಲ್ಲಿ ಹೆಚ್ಚಿನವರು ಏನೂ ಹೇಳುವುದಿಲ್ಲ. ಯಾರು ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಿದ್ದುಬಿಡುತ್ತಾರೆ.

ಫೋನ್ ಬೇಡ ಎನ್ನುವ ಕಲಾವಿದರ ಸಂಕಟ ನನಗೆ ಅರ್ಥವಾಗುತ್ತದೆ. ಎದುರಿಗೆ ಮುಖಗಳ ಬದಲು ಸಾವಿರಾರು ಪುಟ್ಟ ಪರದೆಗಳು ಕಾಣುತ್ತಿದ್ದರೆ ಹಾಡುವುದು ಸುಲಭವಲ್ಲ. ಆದರೂ ಈ ಚರ್ಚೆ ಹಾದಿ ತಪ್ಪಿದೆ ಅಂತ ನನಗನಿಸುತ್ತದೆ. ಎಲ್ಲರೂ ಬಿಡಬೇಕಾ, ತಡೆಯಬೇಕಾ ಎಂದಷ್ಟೇ ಕೇಳುತ್ತಿದ್ದಾರೆ. ಬಿಟ್ಟರೆ ಯಾವ ಶರತ್ತಿನ ಮೇಲೆ ಬಿಡಬೇಕು, ಆ ಶರತ್ತನ್ನು ಯಾರು ಕಾಯಬೇಕು, ರೆಕಾರ್ಡ್ ಆದದ್ದು ಮುಂದೆ ಯಾರ ಕೈಯಲ್ಲಿ ಉಳಿಯಬೇಕು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗಳನ್ನು ಎದುರಿಸಿ, 40 ವರ್ಷಕ್ಕೂ ಹಿಂದೆ ಒಂದು ದಾರಿ ಹುಡುಕಿದ ಬ್ಯಾಂಡ್ ಇದೆ. ಅದು ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್.

1965ರಲ್ಲಿ ಶುರುವಾದ ಈ ಬ್ಯಾಂಡ್ ತನ್ನ ಮುಖ್ಯ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರ ಆಗಸ್ಟ್ 9ರಂದು ತೀರಿಕೊಳ್ಳುವವರೆಗೆ ಸುಮಾರು 2,300 ಕಾರ್ಯಕ್ರಮ ಕೊಟ್ಟಿತು. ರೇಡಿಯೊದಲ್ಲಿ ಓಡುವ ಹಾಡುಗಳಿಂದ ಬೆಳೆದ ತಂಡ ಇದಲ್ಲ. ಅಮೆರಿಕದ ಟಾಪ್ 10 ಪಟ್ಟಿಗೆ ಇವರ ಒಂದೇ ಒಂದು ಹಾಡು ಏರಿತು, ಅದೂ 1987ರಲ್ಲಿ, ಶುರುವಾಗಿ 22 ವರ್ಷವಾದ ಮೇಲೆ. ಹಾಗಿದ್ದೂ 1990ರ ದಶಕದ ಆರಂಭದಲ್ಲಿ ಟಿಕೆಟ್ ಮಾರಾಟದಿಂದ ಅತಿ ಹೆಚ್ಚು ಸಂಪಾದಿಸುವ ಅಮೆರಿಕದ ಬ್ಯಾಂಡ್‌ಗಳಲ್ಲಿ ಇದೂ ಒಂದಾಗಿತ್ತು. ಕಾರಣ ವೇದಿಕೆ. ಇವರು ಯಾವ ಹಾಡು ಎಷ್ಟು ಹೊತ್ತು ನಡೆಯುತ್ತದೆ ಎಂದು ಮೊದಲೇ ಹೇಳುವಂತಿರಲಿಲ್ಲ. ಇವತ್ತು ಎಂಟು ನಿಮಿಷಕ್ಕೆ ಮುಗಿದದ್ದು ನಾಳೆ ಅರ್ಧ ಗಂಟೆ ಹರಿಯಬಹುದು, ಎಲ್ಲೋ ಹೊರಟು ಇನ್ನೊಂದು ಹಾಡಿನೊಳಗೆ ಹೋಗಿ ಸೇರಬಹುದು. ಹಾಡುಗಳ ಪಟ್ಟಿಯೂ ರಾತ್ರಿಯಿಂದ ರಾತ್ರಿಗೆ ಬೇರೆ. ನಮ್ಮಲ್ಲಿ ಹಿಂದೂಸ್ತಾನಿ ಬೈಠಕ್ ಕೇಳಿ ಬೆಳೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಇಂಥ ಸಂಗೀತದಲ್ಲಿ ನಿನ್ನೆಯದು ನಿನ್ನೆಗೇ ಮುಗಿಯುತ್ತದೆ. ಬೇಕು ಅಂದರೆ ಯಾರಾದರೂ ಹಿಡಿದಿಟ್ಟಿರಬೇಕು.

ಹಿಡಿದಿಡುವ ಹುಚ್ಚು ಬ್ಯಾಂಡ್‌ನೊಳಗೇ ಇತ್ತು. ಇವರ ಸೌಂಡ್ ಎಂಜಿನಿಯರ್ ಔಸ್ಲಿ ಸ್ಟ್ಯಾನ್ಲಿ ತಾನು ಧ್ವನಿ ಹೊಂದಿಸಿದ ಕಾರ್ಯಕ್ರಮಗಳನ್ನೆಲ್ಲ ಟೇಪ್ ಮಾಡಿಡುತ್ತಿದ್ದ. ನಾನು ಹೊಂದಿಸಿದ್ದು ಹೇಗೆ ಕೇಳಿಸಿತು ಎಂದು ತಿಳಿದುಕೊಳ್ಳುವ ದಿನಚರಿ ಅದು. 1970ರ ಮೇ 29ರಂದು ಸಾನ್ ಫ್ರಾನ್ಸಿಸ್ಕೊದಲ್ಲಿ ಅಲಿ ಅಕ್ಬರ್ ಖಾನರ ಸರೋದ್ ಕಛೇರಿಯನ್ನೂ ಅವನು ಹೀಗೇ ಟೇಪ್ ಮಾಡಿಟ್ಟ. ತಬಲಾದಲ್ಲಿ ಇದ್ದವರು ಆಗಿನ್ನೂ ಹತ್ತೊಂಬತ್ತರ ಹುಡುಗ ಜಾಕಿರ್ ಹುಸೇನ್. ಆ ಟೇಪ್ ಆಲ್ಬಂ ಆಗಿ ಹೊರಬಂದದ್ದು 50 ವರ್ಷದ ಬಳಿಕ, 2020ರಲ್ಲಿ.

ಗಾರ್ಸಿಯಾ ಕೂಡ ಬ್ಯಾಂಡ್ ಕಟ್ಟುವ ಮೊದಲು ಇದೇ ಕೆಲಸ ಮಾಡಿದವರು. 1964ರಲ್ಲಿ, 21ರ ವಯಸ್ಸಿನಲ್ಲಿ, ಗೆಳೆಯನೊಬ್ಬನ ಜೊತೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಅಮೆರಿಕದ ಉದ್ದಕ್ಕೂ ಕಾರಿನಲ್ಲಿ ಹೋಗಿದ್ದರು. ಬ್ಲೂಗ್ರಾಸ್ ಎನ್ನುವ ಹಳ್ಳಿಗಾಡಿನ ಸಂಗೀತದ ಕಾರ್ಯಕ್ರಮಗಳನ್ನು ಕೇಳಿ, ಟೇಪ್ ಮಾಡಿಕೊಂಡು, ಮನೆಗೆ ತಂದು ಕಲಿಯುವುದು ಅವರ ಉದ್ದೇಶವಾಗಿತ್ತು. ಮುಂದೆ ತಮ್ಮ ಕಾರ್ಯಕ್ರಮಕ್ಕೆ ಮೈಕ್ ಹಿಡಿದು ಬಂದ ಹುಡುಗರನ್ನು ಅವರು ಯಾವ ಕಣ್ಣಿನಿಂದ ನೋಡಿರಬಹುದು ಎಂಬುದಕ್ಕೆ ಇದು ಒಳ್ಳೆಯ ಸುಳಿವು. ನಾವು ನುಡಿಸಿ ಮುಗಿಸಿದ ಮೇಲೆ ಅದು ಅವರದು, ತೆಗೆದುಕೊಂಡು ಹೋಗಲಿ ಎಂಬ ಅರ್ಥದ ಮಾತನ್ನು ಗಾರ್ಸಿಯಾ ಹೇಳಿದ್ದರು. ಬ್ಯಾಂಡ್‌ನ ಅಭಿಮಾನಿಗಳಿಗೆ ಅದು ಇಂದಿಗೂ ಬಾಯಿಪಾಠ.

ಆದರೆ ಒಬ್ಬ ಕಲಾವಿದನ ದೊಡ್ಡ ಮನಸ್ಸಿನಿಂದಲೇ ಎಲ್ಲ ಆಯಿತು ಎಂದುಕೊಂಡರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಮೊದಮೊದಲು ಇಲ್ಲೂ ಜಗಳವೇ. ಆ ಕಾಲಕ್ಕೆ ಕದ್ದ ರೆಕಾರ್ಡಿಂಗ್ ಅಂದರೆ ಕದ್ದ ಎಲ್‌ಪಿ. 1969ರಲ್ಲಿ ಬಾಬ್ ಡಿಲನ್ ಅವರ ಬಿಡುಗಡೆಯಾಗದ ಹಾಡುಗಳನ್ನು ಯಾರೋ ಬಿಳಿ ರಟ್ಟಿನ ಕವರಿನಲ್ಲಿ ಹಾಕಿ ಅಂಗಡಿಗಳಲ್ಲಿ ಮಾರಿದ ಮೇಲೆ ಇಡೀ ಉದ್ಯಮ ಬೆಚ್ಚಿಬಿದ್ದಿತ್ತು. ಲೆಡ್ ಜೆಪ್ಪೆಲಿನ್ ಬ್ಯಾಂಡ್‌ನ ಮ್ಯಾನೇಜರ್ ಪೀಟರ್ ಗ್ರಾಂಟ್ ಮೈಕ್ ಕಂಡಲ್ಲಿ ಕಿತ್ತು ಒಡೆಯುತ್ತಿದ್ದ. ಕೆನಡಾದ ವ್ಯಾಂಕೂವರ್‌ನಲ್ಲಿ ಸದ್ದಿನ ಮಟ್ಟ ಅಳೆಯಲು ಬಂದಿದ್ದ ಸರ್ಕಾರಿ ಸಿಬ್ಬಂದಿಯ ಯಂತ್ರವನ್ನೇ ರೆಕಾರ್ಡಿಂಗ್ ಸಾಧನ ಅಂತ ತಿಳಿದು ಪುಡಿ ಮಾಡಿದ್ದ. ಗ್ರೇಟ್‌ಫುಲ್ ಡೆಡ್‌ನ ಕೆಲಸಗಾರರೂ ಸುಮ್ಮನಿರಲಿಲ್ಲ. ಬಾಗಿಲಲ್ಲಿ ತಪಾಸಣೆ ಮಾಡುತ್ತಿದ್ದರು, ಟೇಪ್ ಕಸಿದುಕೊಳ್ಳುತ್ತಿದ್ದರು, ಮೈಕಿನ ವೈರ್ ಕತ್ತರಿಸಿದ್ದೂ ಉಂಟು. ಆದರೂ ಹುಡುಗರು ಬಿಡಲಿಲ್ಲ. 1974ರ ಹೊತ್ತಿಗೆ ಟೇಪ್ ವಿನಿಮಯ ಮಾಡುವವರಿಗೆಂದೇ ನ್ಯೂಯಾರ್ಕಿನಿಂದ ಒಂದು ಪುಟ್ಟ ಪತ್ರಿಕೆ ಹೊರಟಿತು. ಇಂದು ರೆಲಿಕ್ಸ್ ಎಂಬ ಹೆಸರಿನ ಸಂಗೀತ ಪತ್ರಿಕೆ ಅದೇ.

1980ರ ದಶಕಕ್ಕೆ ಬಂದಾಗ ಸಮಸ್ಯೆ ಬೇರೆ ರೂಪ ಪಡೆಯಿತು. ಟೇಪ್ ಮಾಡುವವರು ಜಾಸ್ತಿಯಾದರು. ಒಳ್ಳೆಯ ಧ್ವನಿ ಎಲ್ಲಿ ಸಿಗುತ್ತದೆ ಎಂದು ಅವರಿಗೆ ಗೊತ್ತಿತ್ತು. ವೇದಿಕೆಗೂ ಸೌಂಡ್‌ಬೋರ್ಡಿಗೂ (ಎಂಜಿನಿಯರ್ ಕೂತು ಧ್ವನಿ ಹೊಂದಿಸುವ ಯಂತ್ರ) ನಡುವೆ, ಸಭಾಂಗಣದ ನಟ್ಟನಡುವೆ. ಅಲ್ಲೇ ಎತ್ತರದ ಸ್ಟ್ಯಾಂಡ್‌ಗಳನ್ನು ನೆಟ್ಟರು. ಸೌಂಡ್ ಎಂಜಿನಿಯರ್ ಡ್ಯಾನ್ ಹೀಲಿಗೆ ವೇದಿಕೆಯೇ ಕಾಣದಂತಾಯಿತು. ಕುಣಿಯಲು ಬಂದವರಿಗೂ ಕಿರಿಕಿರಿ. ಮೈಕಿನ ಹತ್ತಿರ ಯಾರಾದರೂ ಕೂಗಿದರೆ, ಚಪ್ಪಾಳೆ ತಟ್ಟಿದರೆ ಟೇಪಿನವರು ಗದರುತ್ತಿದ್ದರು. ದುಡ್ಡು ಕೊಟ್ಟು ಬಂದವರಿಗೆ ಇನ್ನೊಬ್ಬ ಪ್ರೇಕ್ಷಕನಿಂದ ಬೈಗುಳ. ಇದನ್ನು ಹೀಗೇ ಬಿಡುವಂತಿರಲಿಲ್ಲ.

ಆಗ ಬ್ಯಾಂಡ್ ನಿಷೇಧ ಹೇರಬಹುದಿತ್ತು. ಹೇರಲಿಲ್ಲ. 1984ರ ಅಕ್ಟೋಬರ್ ಕೊನೆಯಲ್ಲಿ ಬರ್ಕ್‌ಲಿಯ ಕಮ್ಯುನಿಟಿ ಥಿಯೇಟರ್‌ನಲ್ಲಿ ನಡೆದ ಕಾರ್ಯಕ್ರಮಗಳಲ್ಲಿ ಟೇಪ್ ಮಾಡುವವರಿಗೇ ಒಂದು ಜಾಗ ಗೊತ್ತುಮಾಡಿತು. ಸೌಂಡ್‌ಬೋರ್ಡಿನ ಹಿಂದೆ. ಅಲ್ಲಿಗೆ ಬೇರೆ ಟಿಕೆಟ್, ಅಂಚೆಯಲ್ಲಿ ದುಡ್ಡು ಕಳಿಸಿ ತರಿಸಿಕೊಳ್ಳಬೇಕು. ನಿಯಮಗಳು ಸರಳ. ನಿಮ್ಮ ಜಾಗದಲ್ಲೇ ಇರಿ, ಬೇರೆಯವರ ನೋಟಕ್ಕೆ ಅಡ್ಡ ಬರಬೇಡಿ, ಟೇಪನ್ನು ಯಾರಿಗೆ ಬೇಕಾದರೂ ಕೊಡಿ, ಮಾರಬೇಡಿ.

ಆ ಜಾಗ ಹೇಗಿತ್ತು ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ತಲೆಗಳ ಮೇಲೆ ಮೈಕ್‌ಗಳ ಕಾಡು. ಒಂದೊಂದು ಸ್ಟ್ಯಾಂಡಿನ ತುದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ತಿರುಗಿದ ಜೋಡಿ ಮೈಕ್. ನಾಯ್ಮನ್, ಶೊಯೆಪ್ಸ್‌ನಂಥ ಸ್ಟುಡಿಯೊ ಮೈಕುಗಳು, ಬೆಲೆ ನೋಡಿದರೆ ಟಿಕೆಟ್ಟಿಗಿಂತ ಎಷ್ಟೋ ಪಟ್ಟು. ಎಲ್ಲರ ಹತ್ತಿರವೂ ಮೈಕ್ ಇರುತ್ತಿರಲಿಲ್ಲ. ಇಲ್ಲದವನು ಪಕ್ಕದವನ ಡೆಕ್ಕಿಗೆ ತನ್ನ ವೈರ್ ಸಿಕ್ಕಿಸುತ್ತಿದ್ದ. ಅವನ ಡೆಕ್ಕಿನಿಂದ ಇನ್ನೊಬ್ಬ. ಹೀಗೆ ಒಂದೇ ಜೋಡಿ ಮೈಕಿನಿಂದ ಸಾಲಾಗಿ ಹಲವು ಯಂತ್ರಗಳು ಓಡುತ್ತಿದ್ದವು. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ಬದಿ ಮುಗಿಯುವ ಹೊತ್ತಿಗೆ ಬ್ಯಾಂಡ್ ಉದ್ದನೆಯ ಹಾಡಿನ ನಡುವೆ ಇದ್ದರೆ ಕ್ಯಾಸೆಟ್ ತಿರುಗಿಸುವಷ್ಟರಲ್ಲಿ ಕೆಲವು ಸೆಕೆಂಡ್ ಕಳೆದುಹೋಗುತ್ತಿತ್ತು. ಅದಕ್ಕೇ ಕೈಗಡಿಯಾರ ನೋಡುತ್ತ, ಎರಡು ಹಾಡಿನ ನಡುವೆ ಬಿಡುವು ಸಿಗುತ್ತದಾ ಅಂತ ಕಾಯುತ್ತ ಕೂತಿರುತ್ತಿದ್ದರು. ಮನೆಗೆ ಬಂದು ಕ್ಯಾಸೆಟ್ಟಿನ ಕಾಗದದ ಮೇಲೆ ತಾರೀಖು, ಊರು, ಸಭಾಂಗಣದ ಹೆಸರು, ಹಾಡುಗಳ ಕ್ರಮ, ಯಾವ ಮೈಕ್, ಇದು ಎಷ್ಟನೇ ಪ್ರತಿ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದರು. ಪ್ರತಿಯಿಂದ ಪ್ರತಿ ತೆಗೆದಷ್ಟೂ ಹಿಸ್ಸೆನ್ನುವ ಸದ್ದು ಜಾಸ್ತಿಯಾಗುತ್ತಿದ್ದರಿಂದ ಆ ಕೊನೆಯ ವಿವರ ಮುಖ್ಯ.

ಆಮೇಲೆ ಹಂಚಿಕೆ. ನಿಮಗೆ ಒಂದು ಕಾರ್ಯಕ್ರಮದ ಟೇಪ್ ಬೇಕು ಅಂದರೆ ಖಾಲಿ ಕ್ಯಾಸೆಟ್ಟನ್ನೂ ವಾಪಸ್ ಕಳಿಸಲು ಬೇಕಾದ ಅಂಚೆ ಚೀಟಿಯನ್ನೂ ಲಕೋಟೆಯಲ್ಲಿಟ್ಟು ಕಳಿಸಿದರೆ ಸಾಕು. ಎಂದೂ ನೋಡದ ಮನುಷ್ಯ ತನ್ನ ರಾತ್ರಿ ಕಳೆದು ನಿಮಗೆ ಪ್ರತಿ ಮಾಡಿ ಕಳಿಸುತ್ತಿದ್ದ. ಒಬ್ಬ ಐದು ಜನಕ್ಕೆ, ಆ ಐವರಲ್ಲಿ ಒಬ್ಬೊಬ್ಬ ಇನ್ನೂ ಐವರಿಗೆ. ಟೇಪ್ ಮಾರಿ ಸಿಕ್ಕಿಬಿದ್ದವನಿಗೆ ಆಮೇಲೆ ಯಾರೂ ಟೇಪ್ ಕೊಡುತ್ತಿರಲಿಲ್ಲ. ಬ್ಯಾಂಡ್ ಪೊಲೀಸರನ್ನು ಕರೆಯುವ ಮೊದಲೇ ಅಭಿಮಾನಿಗಳೇ ಅವನನ್ನು ದೂರ ಇಡುತ್ತಿದ್ದರು. ಈ ವ್ಯವಸ್ಥೆಯ ಜೀವಾಳ ಇಲ್ಲೇ ಇದೆ ಅನ್ನುವುದು ನನ್ನ ನಂಬಿಕೆ. ಕೊಟ್ಟವರಿಗಿಂತ ಪಡೆದವರು ಅದನ್ನು ಹೆಚ್ಚು ಎಚ್ಚರದಿಂದ ಕಾಯ್ದರು.

ಎಲ್ಲ ಚೊಕ್ಕಟವಾಗಿ ನಡೆಯಿತು ಅಂತಲ್ಲ. ಸೌಂಡ್‌ಬೋರ್ಡಿನ ಹಿಂದೆ ಧ್ವನಿ ಅಷ್ಟು ಚೆನ್ನಾಗಿ ಬರುವುದಿಲ್ಲ ಎಂದು ಕೆಲವರು ಮುಂದಕ್ಕೆ ನುಸುಳಿ ಟೇಪ್ ಮಾಡುತ್ತಲೇ ಇದ್ದರು. ಮಾರುವವರೂ ಅಲ್ಲಲ್ಲಿ ಇದ್ದರು. ಆದರೆ ಜಗಳ ಸಂಭಾಳಿಸುವ ಮಟ್ಟಕ್ಕೆ ಇಳಿಯಿತು.

ಇದರಿಂದ ಬ್ಯಾಂಡಿಗೆ ಸಿಕ್ಕಿದ್ದೇನು? ವ್ಯಾಪಾರದ ಪುಸ್ತಕಗಳು ಇದನ್ನು ಜಾಹೀರಾತಿನ ಜಾಣತನ ಎಂದು ಹೊಗಳುತ್ತವೆ. ಪುಕ್ಕಟೆ ಟೇಪ್ ಕೇಳಿದವನು ಟಿಕೆಟ್ ಕೊಳ್ಳುತ್ತಾನೆ ಎಂಬ ಲೆಕ್ಕ. ಅದು ಸುಳ್ಳಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ತನ್ನ ಸಂಗೀತದ ನೆನಪನ್ನು ಕಾಯುವ ಕೆಲಸವನ್ನು ಬ್ಯಾಂಡ್ ಕೇಳುಗರ ಜೊತೆ ಹಂಚಿಕೊಂಡಿತು. ಒಂದೇ ಕೈಯಲ್ಲಿದ್ದರೆ ಏನಾಗುತ್ತಿತ್ತು ಎಂದು ತಿಳಿಯಲು ಬೆಟ್ಟಿ ಕ್ಯಾಂಟರ್ ಜಾಕ್ಸನ್ ಅವರ ಟೇಪ್‌ಗಳ ಕಥೆ ಸಾಕು.

ಬೆಟ್ಟಿ 1970ರ ದಶಕದಲ್ಲಿ ಬ್ಯಾಂಡ್‌ಗಾಗಿ ನೇರ ರೆಕಾರ್ಡಿಂಗ್ ಮಾಡುತ್ತಿದ್ದ ಎಂಜಿನಿಯರ್. ಗಂಡಸರೇ ತುಂಬಿದ್ದ ಆ ಕಾಲದ ಸೌಂಡ್ ಕೆಲಸದಲ್ಲಿ ಅಪರೂಪದ ಹೆಣ್ಣುಮಗಳು. ಅವರ ಕಿವಿ ಎಂಥದ್ದು ಎಂದರೆ ಅವರ ಟೇಪ್ ಕೇಳಿದ ಕೂಡಲೇ ಇದು ಬೆಟ್ಟಿಯದು ಅಂತ ಅಭಿಮಾನಿಗಳು ಗುರುತಿಸುತ್ತಾರೆ. ಬ್ಯಾಂಡ್ ಬಿಟ್ಟ ಮೇಲೆ ಕಷ್ಟಕ್ಕೆ ಬಿದ್ದರು. ಸಾಮಾನು ಇಟ್ಟಿದ್ದ ಬಾಡಿಗೆ ಗೋದಾಮಿನ ಹಣ ಕಟ್ಟಲಾಗಲಿಲ್ಲ. 1986ರಲ್ಲಿ ಗೋದಾಮಿನವರು ಒಳಗಿದ್ದ ಸಾಮಾನನ್ನೆಲ್ಲ ಹರಾಜಿಗೆ ಹಾಕಿದರು. ಅದರಲ್ಲಿ ರಾಶಿ ರಾಶಿ ಮೂಲ ಟೇಪ್‌ಗಳು. ಕೊಂಡವರಲ್ಲಿ ಕೆಲವರು ಅಭಿಮಾನಿಗಳಾಗಿದ್ದು ಅದೃಷ್ಟ. ಬೂಷ್ಟು ಹಿಡಿದಿದ್ದ ಟೇಪ್‌ಗಳನ್ನು ಒರೆಸಿ, ಸರಿಪಡಿಸಿ, ಪ್ರತಿ ತೆಗೆದು ಹಂಚಿದರು.

1977ರ ಮೇ 8ರಂದು ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಾರ್ಯಕ್ರಮದ ಟೇಪ್ ಹಾಗೆ ಹರಿದಾಡಿದವುಗಳಲ್ಲಿ ಒಂದು. ಬ್ಯಾಂಡ್‌ನ ಅತ್ಯುತ್ತಮ ರಾತ್ರಿ ಯಾವುದು ಎಂಬ ವಾದ ಶುರುವಾದರೆ ಮೊದಲು ಬರುವ ಹೆಸರು ಅದೇ. 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ರೆಕಾರ್ಡಿಂಗನ್ನು ದೇಶದ ಧ್ವನಿ ಸಂಪತ್ತಿನ ಪಟ್ಟಿಗೆ ಸೇರಿಸಿತು. ಗಮನಿಸಿ, ಆಗಿನ್ನೂ ಅದು ಅಂಗಡಿಯಲ್ಲಿ ಸಿಗುವ ಆಲ್ಬಂ ಆಗಿರಲಿಲ್ಲ. ಅಧಿಕೃತವಾಗಿ ಬಿಡುಗಡೆಯಾದದ್ದು 2017ರಲ್ಲಿ, 40 ವರ್ಷ ತುಂಬಿದಾಗ. ಅಷ್ಟು ಕಾಲ ಆ ರಾತ್ರಿಯನ್ನು ಜನರ ಕಿವಿಯಲ್ಲಿ ಉಳಿಸಿದ್ದು ಪ್ರತಿ ಮಾಡಿ ಹಂಚಿದವರು. ಹಾಗಂತ ಅಧಿಕೃತ ಆಲ್ಬಂ ಬಂದಾಗ ಅವರೇ ಕ್ಯೂ ನಿಂತು ಕೊಂಡರು. ಪುಕ್ಕಟೆ ಸಿಗುವುದನ್ನು ಯಾರು ಕೊಳ್ಳುತ್ತಾರೆ ಎನ್ನುವ ವಾದ ಇಲ್ಲಿ ನಡೆಯಲಿಲ್ಲ. 1993ರಿಂದ ಬ್ಯಾಂಡ್ ತನ್ನ ಹಳೆಯ ಕಾರ್ಯಕ್ರಮಗಳ ಟೇಪನ್ನು ಸರಣಿಯಾಗಿ ಮಾರಿತು, 36 ಸಂಪುಟ ಬಂದವು. ಅದನ್ನು ಶುರುಮಾಡಿದ ಡಿಕ್ ಲಟ್ವಾಲಾ ಮೊದಲು ಟೇಪ್ ಕೂಡಿಡುತ್ತಿದ್ದ ಅಭಿಮಾನಿ. ಅವರ ಸಂಗ್ರಹದ ಶಿಸ್ತು ನೋಡಿ ಬ್ಯಾಂಡ್ ಅವರಿಗೇ ತನ್ನ ಟೇಪ್ ಕೋಣೆಯ ಬೀಗದ ಕೈ ಕೊಟ್ಟಿತ್ತು.

ಹೀಗೆ ಹಂಚಿಕೊಂಡದ್ದನ್ನು ವಾಪಸ್ ತೆಗೆದುಕೊಳ್ಳಬಹುದಾ? 2005ರಲ್ಲಿ ಈ ಪ್ರಶ್ನೆ ನೇರವಾಗಿ ಬಂತು. ಅಷ್ಟರಲ್ಲಿ ಕ್ಯಾಸೆಟ್ ಕಾಲ ಮುಗಿದಿತ್ತು. 2002ರಿಂದ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಸಂಸ್ಥೆ, ಅನುಮತಿ ಕೊಟ್ಟ ಬ್ಯಾಂಡ್‌ಗಳ ನೇರ ರೆಕಾರ್ಡಿಂಗ್‌ಗಳನ್ನು ಉಚಿತವಾಗಿ ಇಡುತ್ತಿತ್ತು. ಗ್ರೇಟ್‌ಫುಲ್ ಡೆಡ್‌ನ ಸಾವಿರಾರು ರೆಕಾರ್ಡಿಂಗ್‌ಗಳು ಅಲ್ಲಿ ಸೇರಿದ್ದವು. 2005ರ ನವೆಂಬರ್ ಕೊನೆಯಲ್ಲಿ ಅವುಗಳ ಡೌನ್‌ಲೋಡ್ ನಿಂತುಹೋಯಿತು. ಬ್ಯಾಂಡ್ ಕಡೆಯಿಂದಲೇ ಬಂದ ಸೂಚನೆ. ತಾವೇ ಡೌನ್‌ಲೋಡ್ ಮಾರುವ ವ್ಯಾಪಾರಕ್ಕೆ ಇಳಿದಿದ್ದರು.

ಅಭಿಮಾನಿಗಳು ಸಿಟ್ಟಿಗೆದ್ದರು. ಇನ್ನು ನಿಮ್ಮ ಸರಕು ಕೊಳ್ಳುವುದಿಲ್ಲ ಎಂದು ಸಹಿ ಸಂಗ್ರಹ ಶುರುವಾಯಿತು. ಬ್ಯಾಂಡಿಗೆ ಹಾಡು ಬರೆದುಕೊಟ್ಟ, ಇಂಟರ್ನೆಟ್ ಸ್ವಾತಂತ್ರ್ಯಕ್ಕಾಗಿ ಸಂಸ್ಥೆ ಕಟ್ಟಿದ ಜಾನ್ ಪೆರ್ರಿ ಬಾರ್ಲೊ ಬಹಿರಂಗವಾಗಿ ವಿರೋಧಿಸಿದರು. ಬಾಸ್ ವಾದಕ ಫಿಲ್ ಲೆಶ್ ಈ ನಿರ್ಧಾರದಲ್ಲಿ ತಾವು ಇರಲಿಲ್ಲ ಎಂದು ಬರೆದರು. ಕೆಲವೇ ದಿನಗಳಲ್ಲಿ ರಾಜಿ ಆಯಿತು. ಪ್ರೇಕ್ಷಕರು ತಮ್ಮ ಮೈಕಿನಿಂದ ಮಾಡಿದ ರೆಕಾರ್ಡಿಂಗ್‌ಗಳು ಡೌನ್‌ಲೋಡ್‌ಗೆ ವಾಪಸ್ ಬಂದವು. ಬ್ಯಾಂಡ್‌ನ ಸೌಂಡ್‌ಬೋರ್ಡಿನಿಂದ ನೇರವಾಗಿ ತೆಗೆದವುಗಳನ್ನು ಕೇಳಬಹುದು, ಇಳಿಸಿಕೊಳ್ಳುವ ಹಾಗಿಲ್ಲ.

ಈ ಗೆರೆ ನ್ಯಾಯವಾದ ಗೆರೆ ಅಂತಲೇ ನನ್ನ ಅಭಿಪ್ರಾಯ. ಸೌಂಡ್‌ಬೋರ್ಡ್ ಬ್ಯಾಂಡಿನದು, ಅದಕ್ಕೆ ಸಂಬಳ ಕೊಟ್ಟವರು ಅವರು. ಎತ್ತಿ ಹಿಡಿದ ಮೈಕ್ ಪ್ರೇಕ್ಷಕನದು. ರೆಕಾರ್ಡ್ ಮಾಡುವವನ ಶ್ರಮಕ್ಕೂ ಒಂದು ಹಕ್ಕಿದೆ ಎಂದು ಬ್ಯಾಂಡ್ 1984ರಲ್ಲಿ ಜಾಗ ಕೊಟ್ಟಾಗಲೇ ಒಪ್ಪಿಕೊಂಡಿತ್ತು. 21 ವರ್ಷವಾದ ಮೇಲೆ ಒಂದೇ ಏಟಿಗೆ ಇಲ್ಲ ಅನ್ನಲಾಗಲಿಲ್ಲ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ ಮೆಟಾಲಿಕಾವನ್ನೂ ಇಲ್ಲಿ ನೆನೆಯಬೇಕು. 2000ದಲ್ಲಿ, ಜನ ಇಂಟರ್ನೆಟ್‌ನಲ್ಲಿ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಎಂಬ ಸೇವೆಯ ಮೇಲೆ ಮೊಕದ್ದಮೆ ಹಾಕಿ ಅಭಿಮಾನಿಗಳ ವಿರೋಧಿ ಎನಿಸಿಕೊಂಡ ಬ್ಯಾಂಡ್ ಅದು. ಅದೇ ಮೆಟಾಲಿಕಾ 1990ರ ದಶಕದ ತನ್ನ ಪ್ರವಾಸಗಳಲ್ಲಿ ಟೇಪ್ ಮಾಡುವವರಿಗೆ ಪ್ರತ್ಯೇಕ ಜಾಗ ಕೊಟ್ಟಿತ್ತು. ಎರಡಕ್ಕೂ ತಾಳಮೇಳ ಇಲ್ಲ ಎಂದು ಆಗ ಎಷ್ಟೋ ಜನ ಆಡಿದರು. ನನಗೆ ಹಾಗನಿಸುವುದಿಲ್ಲ. ಸ್ಟುಡಿಯೊದಲ್ಲಿ ತಿಂಗಳುಗಟ್ಟಲೆ ಕೂತು ಮಾಡಿದ ಆಲ್ಬಂ ಬೇರೆ, ಒಂದು ರಾತ್ರಿಯ ನೆನಪು ಬೇರೆ. ಗ್ರೇಟ್‌ಫುಲ್ ಡೆಡ್ ಕೂಡ ತನ್ನ ಸ್ಟುಡಿಯೊ ಆಲ್ಬಂಗಳನ್ನು ಪ್ರತಿ ಮಾಡಿ ಹಂಚಿ ಅಂತ ಎಂದೂ ಹೇಳಲಿಲ್ಲ.

ಇನ್ನು ಇವತ್ತಿನ ಫೋನಿಗೆ ಬರೋಣ. ಆಗ ಟೇಪ್‌ಗೆ ಬಿಟ್ಟ ಹಾಗೆ ಈಗ ಫೋನಿಗೂ ಬಿಟ್ಟುಬಿಡಿ ಎನ್ನುವವರಿದ್ದಾರೆ. ಅಷ್ಟು ಸುಲಭವಲ್ಲ. ಟೇಪಿನವರು ಸಾವಿರಾರು ಪ್ರೇಕ್ಷಕರ ನಡುವೆ ಒಂದು ಸಣ್ಣ ಗುಂಪು. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ. ಮೈಕ್ ಒಂದು ಸಲ ನೆಟ್ಟರೆ ಮುಗಿಯಿತು. ಫೋನ್ ಎತ್ತಿ ಹಿಡಿದರೆ ಹಿಂದಿನವರಿಗೆ ವೇದಿಕೆ ಮರೆಯಾಗುತ್ತದೆ, ಕತ್ತಲಲ್ಲಿ ಪರದೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಮುಖ್ಯವಾಗಿ, ಟೇಪಿನವನು ಕಾರ್ಯಕ್ರಮ ಪೂರ್ತಿ ಹಿಡಿಯುತ್ತಿದ್ದ. ಫೋನಿನಲ್ಲಿ ಹಿಡಿಯುವುದು ನಲವತ್ತು ಸೆಕೆಂಡ್. ಗೊತ್ತಿರುವ ಹಾಡಿನ ಗೊತ್ತಿರುವ ಸಾಲು. ಹೊಸ ಹಾಡನ್ನು ಮೊದಲ ಬಾರಿ ಹಾಡುವ ಕಲಾವಿದರಿಗೆ ಇದರ ಬಿಸಿ ಜಾಸ್ತಿ. ಇನ್ನೂ ಪಕ್ವವಾಗದ ಹಾಡು ಅರ್ಧ ಗಂಟೆಯೊಳಗೆ ಜಗತ್ತಿನ ಎದುರು ತೀರ್ಪಿಗೆ ನಿಂತಿರುತ್ತದೆ. ಹಾಗಾದಾಗ ಯಾರು ತಾನೇ ವೇದಿಕೆಯ ಮೇಲೆ ಪ್ರಯೋಗ ಮಾಡುತ್ತಾರೆ?

ಇನ್ನೊಂದು ವಿಚಿತ್ರವೂ ಇದೆ. ಪತ್ರಿಕೆಗಳ ಫೋಟೊಗ್ರಾಫರ್‌ಗಳಿಗೆ ದೊಡ್ಡ ಕಾರ್ಯಕ್ರಮಗಳಲ್ಲಿ ಮೊದಲ ಮೂರು ಹಾಡು ಮಾತ್ರ, ಅದೂ ಫ್ಲ್ಯಾಶ್ ಇಲ್ಲದೆ ಎಂಬ ನಿಯಮ ಹಳೆಯದು. ಮೂರು ಹಾಡು ಮುಗಿದ ಕೂಡಲೇ ಅವರನ್ನು ಹೊರಗೆ ಕಳಿಸುತ್ತಾರೆ. ಕೆಲಸ ಬಲ್ಲವನಿಗೆ ಹತ್ತು ಹದಿನೈದು ನಿಮಿಷ, ಉಳಿದವರಿಗೆ ಇಡೀ ರಾತ್ರಿ. ಮಳೆ ಬಂದ ಮೇಲೆ ಕೊಡೆ ಮಡಚಿಸಿದ ಹಾಗಿದೆ ಇದು.

ಈ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಾದ ಮನುಷ್ಯ ಅಂದರೆ ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ರಾಬರ್ಟ್ ಫ್ರಿಪ್. ಗ್ರೇಟ್‌ಫುಲ್ ಡೆಡ್‌ಗೆ ಪೂರ್ತಿ ಎದುರು ದಿಕ್ಕು. ಕಣ್ಣಿನಿಂದಲೇ ಚಿತ್ರ ತೆಗೆಯಿರಿ, ಕಿವಿಯಿಂದಲೇ ರೆಕಾರ್ಡ್ ಮಾಡಿಕೊಳ್ಳಿ ಎಂಬ ಅರ್ಥದ ಕೋರಿಕೆ ಕಾರ್ಯಕ್ರಮಕ್ಕೆ ಮೊದಲೇ ಕೇಳಿಬರುತ್ತಿತ್ತು. ವೇದಿಕೆಯ ಮೇಲೆ ಫಲಕವೂ ಇರುತ್ತಿತ್ತು. ಆದರೆ 2014ರಿಂದ 2021ರವರೆಗಿನ ಪ್ರವಾಸಗಳಲ್ಲಿ ಒಂದು ಚೆಂದದ ಪದ್ಧತಿ ಬೆಳೆಯಿತು. ಕೊನೆಗೆ ಬಾಸ್ ವಾದಕ ಟೋನಿ ಲೆವಿನ್ ತನ್ನ ಕ್ಯಾಮೆರಾ ಎತ್ತಿ ಪ್ರೇಕ್ಷಕರ ಫೋಟೊ ತೆಗೆಯುತ್ತಿದ್ದರು. ಅವರು ಕ್ಯಾಮೆರಾ ಎತ್ತಿದ್ದೇ ಸಂಜ್ಞೆ. ಆಗ ಪ್ರೇಕ್ಷಕರೂ ಎತ್ತಬಹುದು. ಎಲ್ಲರೂ ನಗುತ್ತಾ ಒಬ್ಬರನ್ನೊಬ್ಬರು ಕ್ಲಿಕ್ಕಿಸುತ್ತಿದ್ದರು. ಜೊತೆಗೆ ಫ್ರಿಪ್ ಅವರ ಕಂಪನಿ ತನ್ನ ನೇರ ಕಾರ್ಯಕ್ರಮಗಳ ರೆಕಾರ್ಡಿಂಗನ್ನು ತಾನೇ ಮಾರುತ್ತದೆ. ರೆಕಾರ್ಡ್ ಮಾಡಬೇಡಿ ಎಂದವರು ನೆನಪು ಕಾಯುವ ಕೆಲಸವನ್ನು ತಾವೇ ವಹಿಸಿಕೊಂಡರು. ಅದಕ್ಕೇ ಅವರ ಕಟ್ಟುನಿಟ್ಟಿಗೆ ನಾನು ತಲೆಬಾಗುತ್ತೇನೆ. ಫೋನ್ ಚೀಲಕ್ಕೆ ಹಾಕಿಸಿ, ಮುಂದಕ್ಕೆ ಏನೂ ಕೊಡದವರ ಬಗ್ಗೆ ಆ ಗೌರವ ಬರುವುದಿಲ್ಲ.

ಬಿಟ್ಟವರಲ್ಲಿ ಒಳ್ಳೆಯ ಉದಾಹರಣೆ ರೇಡಿಯೊಹೆಡ್. 2009ರ ಆಗಸ್ಟಿನಲ್ಲಿ ಪ್ರಾಗ್ ನಗರದ ಕಾರ್ಯಕ್ರಮವನ್ನು ಅಭಿಮಾನಿಗಳು ಒಟ್ಟುಗೂಡಿ ಬೇರೆ ಬೇರೆ ಕಡೆ ನಿಂತು ಪುಟ್ಟ ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿದರು. ಚಿತ್ರ ಜೋಡಿಸಿದರು. ಆದರೆ ಅಂಥ ಕ್ಯಾಮೆರಾದ ಧ್ವನಿ ಹೇಗಿರುತ್ತದೆ ಅಂತ ಗೊತ್ತಲ್ವಾ? ಬ್ಯಾಂಡ್ ತನ್ನದೇ ಮೂಲ ಧ್ವನಿಯನ್ನು ಅವರಿಗೆ ಕೊಟ್ಟಿತು. 2010ರಲ್ಲಿ ಆ ಚಿತ್ರ ಉಚಿತವಾಗಿ ಹೊರಬಂತು. ನೋಟ ಅಭಿಮಾನಿಯದು, ನಾದ ಬ್ಯಾಂಡಿನದು.

ಕರ್ನಾಟಕದ ಕರಾವಳಿಯವರಿಗೆ ಇದೆಲ್ಲ ದೂರದ ಮಾತಲ್ಲ. ಯಕ್ಷಗಾನದ ಆಟಗಳಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂತ ಅಭಿಮಾನಿಗಳು ಇಲ್ಲೂ ಇದ್ದರು. ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ ಮೂವತ್ತರ ಆಸುಪಾಸು. ಅವರು ಆಟದಲ್ಲಿ ಹಾಡಿದ್ದನ್ನು ಹಾಗೆ ಹಿಡಿದಿಟ್ಟವರಿಲ್ಲದೇ ಹೋಗಿದ್ದರೆ, ರಂಗದ ಮೇಲಿನ ಅವರ ಹಾಡುಗಾರಿಕೆ ಆಮೇಲೆ ಹುಟ್ಟಿದವರಿಗೆ ಇಷ್ಟರ ಮಟ್ಟಿಗೆ ಸಿಗುತ್ತಿರಲಿಲ್ಲ. ಈಗ ಆಟದ ಮುಂದೆಯೂ ಫೋನ್‌ಗಳ ಸಾಲು.

ನಮ್ಮ ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಡುತ್ತದೆ. 50 ವರ್ಷದ ಹಕ್ಕು. ಅವರನ್ನು ಕೇಳದೆ ರೆಕಾರ್ಡ್ ಮಾಡುವುದು, ಹಂಚುವುದು ತಪ್ಪು. ಆದರೆ 39ನೇ ಸೆಕ್ಷನ್ ಒಂದು ರಿಯಾಯಿತಿ ಇಟ್ಟಿದೆ. ರೆಕಾರ್ಡ್ ಮಾಡಿದವನ ಸ್ವಂತ ಬಳಕೆಗೆ, ಪಾಠಕ್ಕೆ, ಸಂಶೋಧನೆಗೆ ಆದರೆ ತಪ್ಪಲ್ಲ. ಅಂದರೆ ಮನೆಯಲ್ಲಿ ಕೇಳಲು ಮಾಡಿಕೊಂಡದ್ದಕ್ಕೆ ಕಾನೂನು ನಿಮ್ಮ ಹಿಂದೆ ಬರುವುದಿಲ್ಲ. ಯೂಟ್ಯೂಬಿಗೆ ಹಾಕಿದ ಕ್ಷಣ ಅದು ಸ್ವಂತ ಬಳಕೆ ಅಂತ ವಾದಿಸುವುದು ಕಷ್ಟ. ಟಿಕೆಟ್ಟಿನ ಹಿಂದೆ ಅಚ್ಚಾದ ಶರತ್ತು ಬೇರೆಯೇ. ಕಾನೂನು ಬಿಟ್ಟರೂ ಆಯೋಜಕರು ಬೇಡ ಎನ್ನಬಹುದು.

ಕಾನೂನು ಇಷ್ಟನ್ನೇ ಹೇಳಬಲ್ಲದು. ಸಭಾಂಗಣದೊಳಗೆ ಜನ ಒಬ್ಬರಿಗೊಬ್ಬರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಬ್ಯಾಂಡ್ ಮತ್ತು ಕೇಳುಗರು ಕೂತು ತೀರ್ಮಾನಿಸಬೇಕು. 1984ರ ಏರ್ಪಾಡನ್ನು ಇಂದಿಗೆ ಹೊಂದಿಸಿಕೊಂಡರೆ ಹೀಗಿರಬಹುದು. ಪೂರ್ತಿ ಕಾರ್ಯಕ್ರಮ ರೆಕಾರ್ಡ್ ಮಾಡುವವರಿಗೆ ಹಿಂದುಗಡೆ ಅಥವಾ ಬದಿಯಲ್ಲಿ ಜಾಗ, ಬೇರೆ ಟಿಕೆಟ್. ಮುಂದಿನ ಸಾಲುಗಳಲ್ಲಿ ಫೋನ್ ಜೇಬಿನಲ್ಲಿ. ಒಂದೋ ಎರಡೋ ಹಾಡಿಗೆ ಎಲ್ಲರಿಗೂ ಬಿಡುವು, ಅದನ್ನು ಬ್ಯಾಂಡೇ ವೇದಿಕೆಯಿಂದ ಹೇಳಲಿ. ಹೊಸ ಹಾಡಿದ್ದರೆ ಇದನ್ನು ಹೊರಗೆ ಹಾಕಬೇಡಿ ಎಂದು ಕೇಳಲಿ. ನೇರವಾಗಿ ಕೇಳಿದರೆ ಜನ ಮಾತು ಉಳಿಸಿಕೊಳ್ಳುತ್ತಾರೆ ಎಂಬುದಕ್ಕೆ ಟೇಪ್ ಮಾರದ ಆ ಸಾವಿರಾರು ಅಭಿಮಾನಿಗಳೇ ಸಾಕ್ಷಿ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದಕ್ಕೆ ಉತ್ತರ ಕೊಟ್ಟ ಬ್ಯಾಂಡ್ ಇನ್ನೂ ನನಗೆ ಕಂಡಿಲ್ಲ. ಇಂದು ಒಂದು ಕಾರ್ಯಕ್ರಮದಲ್ಲಿ ಸಾವಿರಾರು ವಿಡಿಯೊ ಆಗುತ್ತವೆ. ಯಾವುದರ ಮೇಲೂ ಹಾಡುಗಳ ಕ್ರಮ, ನಿಂತ ಜಾಗ, ಬಳಸಿದ ಸಾಧನ ಬರೆದಿರುವುದಿಲ್ಲ. 24 ಗಂಟೆಗೆ ಅಳಿಸಿಹೋಗುವ ಸ್ಟೋರಿಯಲ್ಲಿ ಎಷ್ಟೋ, ಕಳೆದ ಫೋನಿನಲ್ಲಿ ಎಷ್ಟೋ, ಮುಚ್ಚಿದ ಖಾತೆಯಲ್ಲಿ ಎಷ್ಟೋ ಹೋಗಿಬಿಡುತ್ತವೆ. 1977ರ ಒಂದು ರಾತ್ರಿ ಇಂದಿಗೂ ಆದಿಯಿಂದ ಅಂತ್ಯದವರೆಗೆ ಕೇಳಲು ಸಿಗುತ್ತದೆ. ಕಳೆದ ತಿಂಗಳು ನಿಮ್ಮ ಊರಲ್ಲಿ ನಡೆದ ಕಾರ್ಯಕ್ರಮವನ್ನು ಹಾಗೆ ಕೇಳಬೇಕು ಅಂದರೆ ಯಾರನ್ನು ಕೇಳುತ್ತೀರಿ? ಬ್ಯಾಂಡ್‌ಗಳು ಅಭಿಮಾನಿಗಳಿಂದ ವಿಡಿಯೊ ಕಳಿಸಿ ಅಂತ ಕೇಳಿ, ತಾರೀಖು ಹಾಕಿ, ಒಂದು ಕಡೆ ಕೂಡಿಡಲು ಶುರುಮಾಡಬೇಕು. ಡಿಕ್ ಲಟ್ವಾಲಾ ಥರದ ಒಬ್ಬ ಅಭಿಮಾನಿ ಪ್ರತಿ ಬ್ಯಾಂಡಿಗೂ ಇದ್ದೇ ಇರುತ್ತಾನೆ. ಅವನನ್ನು ಹುಡುಕಿ ಕೆಲಸ ಕೊಡಬೇಕು.